ಆಟದ ಮೇಲೊಂದು ಆಟ: ಡಿಎಲ್‌ಸಿ ಕೊಳ್ಳುವ ಮುಂಚೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತು. ಇ-ಸಂಚಿಕೆಗಾಗಿ ಬರೆದುಕೊಟ್ಟಿದ್ದು.)



ನನಗೆ ಕೊಟ್ಟ ವಿಷಯ "ಮಕ್ಕಳು ಮತ್ತು ವಿಡಿಯೋ ಗೇಮ್". ಅದರ ಬಗ್ಗೆ ನಿಮಗೆಲ್ಲ ವಾಟ್ಸಾಪಿನಲ್ಲಿ ದಿನಕ್ಕೆರಡು ಸಂದೇಶವಾದರೂ ಬರುತ್ತಿರುತ್ತವೆ, ನಾನು ಮೂರನೆಯದಾಗುವುದು ಬೇಡ. ಅಧ್ಯಕ್ಷರ ಒಪ್ಪಿಗೆ ಪಡೆದು ವಿಷಯವನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಇವತ್ತು ಮಾತಾಡುವುದು ಅಮ್ಮಂದಿರು ಮತ್ತು ವಿಡಿಯೋ ಗೇಮ್ ಬಗ್ಗೆ. ಅಂದರೆ ಸದ್ಯಕ್ಕೆ ನನ್ನ ಬಗ್ಗೆ. ಊರು ಮೈಸೂರು, ಎಂಟೆಕ್ ಆಗಿದೆ, ಅಂಬತ್ತೂರಿನಲ್ಲಿ ಐಟಿ ಕೆಲಸ, ಮನೆಯಲ್ಲಿ ಗಂಡ, ಅತ್ತೆ, ಒಂಬತ್ತು ವರ್ಷದ ಮಗಳು. ನಾನು ಕಂಪ್ಯೂಟರ್ ಆಟ ಆಡುತ್ತೇನೆ, ಆಡಲು ದುಡ್ಡೂ ಕೊಡುತ್ತೇನೆ. ಒಂದು ಸಲ ಕೊಂಡ ಆಟಕ್ಕೆ ವರ್ಷ ವರ್ಷ ಹೊಸ ಭಾಗಗಳನ್ನು ಕೊಳ್ಳುತ್ತೇನೆ. ಹಾಗೆ ಕೊಳ್ಳುವುದು ಯಾವಾಗ ಸರಿ, ಯಾವಾಗ ದಂಡ, ಕೊಂಡದ್ದು ಕೊನೆಗೆ ಯಾರದ್ದು, ಇಷ್ಟನ್ನು ಹೇಳಿ ಮುಗಿಸುತ್ತೇನೆ.

ಆಟದ ಹೆಸರು ಸ್ಟೆಲ್ಲಾರಿಸ್. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ಪ್ಯಾರಡಾಕ್ಸ್ ಕಂಪನಿ ಮಾಡಿದ್ದು, 2016ರ ಮೇ 9ರಂದು ಬಿಡುಗಡೆಯಾಯಿತು. ಓಡುತ್ತಾ ಗುಂಡು ಹಾರಿಸುವ ಆಟವಲ್ಲ. ನಿಮಗೆ ಒಂದು ಗ್ರಹ, ಒಂದು ಜನಾಂಗ, ಬೆರಳೆಣಿಕೆಯ ಹಡಗುಗಳನ್ನು ಕೊಡುತ್ತಾರೆ. ಆಟದೊಳಗಿನ ವರ್ಷ 2200. ಅಲ್ಲಿಂದ ನಕ್ಷತ್ರಗಳನ್ನು ಹುಡುಕುತ್ತಾ ಹೋಗಬೇಕು, ಹೊಸ ಗ್ರಹಗಳಲ್ಲಿ ಜನರನ್ನು ನೆಲೆ ನಿಲ್ಲಿಸಬೇಕು, ಆಹಾರ, ಖನಿಜ, ವಿದ್ಯುತ್ತು ಯಾವುದೂ ತಳ ಕಾಣದಂತೆ ನೋಡಿಕೊಳ್ಳಬೇಕು, ನೆರೆಯ ಸಾಮ್ರಾಜ್ಯದವರ ಹತ್ತಿರ ಒಂದು ಕಡೆ ನಗುತ್ತಾ ಇನ್ನೊಂದು ಕಡೆ ಹುಷಾರಾಗಿರಬೇಕು. ತಿಂಗಳ ಸಾಮಾನಿನ ಚೀಟಿ ಬರೆದು, ಕೂಡುಕುಟುಂಬ ನಿಭಾಯಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ಆಟಗಳಿಗೆ 'ಫೋರ್ ಎಕ್ಸ್' ಎನ್ನುವ ಹೆಸರಿದೆ. 1993ರಲ್ಲಿ ಅಲನ್ ಎಮ್ರಿಕ್ ಎಂಬ ಬರಹಗಾರ 'ಮಾಸ್ಟರ್ ಆಫ್ ಓರಿಯನ್' ಎಂಬ ಬಾಹ್ಯಾಕಾಶದ ಆಟದ ಬಗ್ಗೆ ಬರೆಯುವಾಗ ಇಟ್ಟ ಹೆಸರು ಅದು. ಹುಡುಕು, ಹರಡು, ಬಳಸು, ನಾಶಮಾಡು, ಇವು ಆ ನಾಲ್ಕು ಎಕ್ಸ್. ನನಗೆ ಮೊದಲ ಮೂರು ಸಾಕು.

ಇನ್ನು ಡಿಎಲ್‌ಸಿ. ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ ಎಂದು ಅರ್ಥ. ಅದು ದೊಡ್ಡದಾಗಿದ್ದರೆ ಎಕ್ಸ್‌ಪಾನ್ಷನ್ ಎನ್ನುತ್ತಾರೆ. ನಾನು ವಿಸ್ತರಣೆ ಅನ್ನುತ್ತೇನೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ. ಅವರಿಲ್ಲದೆ ಗೊಂಬೆ ಹಬ್ಬವಿಲ್ಲ. ಅದು ಮೂಲ ಆಟ. ಆಮೇಲೆ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬ ಪದ್ಧತಿ. ಹಾಗಾಗಿ ಒಂದು ವರ್ಷ ಮೈಲಾಪುರದ ಉತ್ತರ ಮಾಡ ಬೀದಿ, ಇನ್ನೊಂದು ವರ್ಷ ಪುರಸವಾಕ್ಕಂ ಹತ್ತಿರದ ಕೊಸಪೇಟೆ. ದಶಾವತಾರದ ಸೆಟ್ಟು, ಮದುವೆ ದಿಬ್ಬಣದ ಸೆಟ್ಟು, ಕ್ರಿಕೆಟ್ ಸೆಟ್ಟು, ಸೆಟ್ಟಿಯಾರ್ ಅಂಗಡಿ. ಪಟ್ಟದ ಗೊಂಬೆ ಹಳೆಯದೇ, ಆದರೆ ಮೆಟ್ಟಿಲ ಮೇಲಿನ ಕಥೆ ಪ್ರತಿ ವರ್ಷ ಬೆಳೆಯುತ್ತದೆ. ವಿಸ್ತರಣೆ ಅಂದರೆ ಅದೇ. ಮೂಲ ಆಟವಿಲ್ಲದೆ ಅದೊಂದನ್ನೇ ಆಡಲಾಗದು, ಅದು ಬಂದ ಮೇಲೆ ಮೂಲ ಆಟ ಮೊದಲಿನಂತೆ ಕಾಣುವುದಿಲ್ಲ.

ಉದಾಹರಣೆಗೆ, 2017ರ ಏಪ್ರಿಲ್‌ನಲ್ಲಿ ಬಂದ 'ಯುಟೋಪಿಯಾ'. ಇದನ್ನು ಕೊಂಡರೆ ನಕ್ಷತ್ರದ ಸುತ್ತಲೂ ಕವಚ ಕಟ್ಟಿ ಅದರ ಬೆಳಕನ್ನೆಲ್ಲ ಹಿಡಿದು ವಿದ್ಯುತ್ತು ಮಾಡಿಕೊಳ್ಳಬಹುದು. ಡೈಸನ್ ಗೋಳ ಎನ್ನುತ್ತಾರೆ. ಫ್ರೀಮನ್ ಡೈಸನ್ ಎಂಬ ಭೌತವಿಜ್ಞಾನಿ 1960ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಕಲ್ಪನೆಯನ್ನು ಗಂಭೀರವಾಗಿಯೇ ಮುಂದಿಟ್ಟಿದ್ದರು. ಅವರಿಗೂ ಮೊದಲೇ, 1937ರಲ್ಲಿ, ಓಲಾಫ್ ಸ್ಟೇಪಲ್ಡನ್ ತಮ್ಮ ಕಾದಂಬರಿ 'ಸ್ಟಾರ್ ಮೇಕರ್'ನಲ್ಲಿ ಇಂಥದನ್ನು ಊಹಿಸಿದ್ದರು. 2018ರ ಡಿಸೆಂಬರಿನ 'ಮೆಗಾಕಾರ್ಪ್' ಕೊಂಡರೆ ಇಡೀ ಗ್ರಹವನ್ನೇ ಒಂದು ನಗರ ಮಾಡಬಹುದು. ಗದ್ದೆಯಿಲ್ಲ, ಕೆರೆಯಿಲ್ಲ, ಕಟ್ಟಡದ ಮೇಲೆ ಕಟ್ಟಡ. ಅಂಬತ್ತೂರು 2011ರಲ್ಲಿ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿದ್ದನ್ನೂ, ಆಮೇಲೆ ಆವಡಿ ಕಡೆಗೆ ಮನೆಗಳು ಹಬ್ಬಿದ್ದನ್ನೂ ಕಂಡವರಿಗೆ ಈ ವಿಸ್ತರಣೆಗೆ ದುಡ್ಡು ಕೊಡಬೇಕಾಗಿಲ್ಲ, ಬಾಲ್ಕನಿಯಲ್ಲಿ ನಿಂತರೆ ಸಾಕು.

ವಿಸ್ತರಣೆ ಮಾರುವ ಪದ್ಧತಿ ಹೊಸದಲ್ಲ. 1998ರಲ್ಲಿ 'ಸ್ಟಾರ್‌ಕ್ರಾಫ್ಟ್' ಬಂತು, ಅದೇ ವರ್ಷದ ಕೊನೆಗೆ ಅದರ ವಿಸ್ತರಣೆ 'ಬ್ರೂಡ್ ವಾರ್'. ಆಗ ಅದು ಡಬ್ಬಿಯಲ್ಲಿ ಬರುವ ಸಿಡಿ. ಚೆನ್ನೈಯಲ್ಲಿ ಬರ್ಮಾ ಬಜಾರು, ರಿಚಿ ಸ್ಟ್ರೀಟು, ಬೆಂಗಳೂರಿನಲ್ಲಿ ಎಸ್‌ಪಿ ರೋಡು, ನ್ಯಾಷನಲ್ ಮಾರ್ಕೆಟ್ಟು, ಇಲ್ಲೆಲ್ಲ ಓಡಾಡಿದ ನಮ್ಮ ಅಣ್ಣಂದಿರಿಗೆ ಅಸಲಿ ಯಾವುದು, ಕಾಪಿ ಯಾವುದು ಗೊತ್ತು, ಆ ಮಾತು ಬಿಡೋಣ. ಅಂಗಡಿಗೆ ಹೋಗಿ ಸಿಡಿ ಕೇಳುವ ಹುಡುಗಿಯರು ಮಾತ್ರ ಆಗ ಬಹಳ ಕಡಿಮೆ. ಡೌನ್‌ಲೋಡ್ ಬಂದು ಆ ಒಂದು ಉಪಕಾರ ಮಾಡಿತು, ಕೊಳ್ಳುವವಳು ಯಾರು ಎಂದು ತಲೆಯೆತ್ತಿ ನೋಡುವ ಅಂಗಡಿಯವನು ಇಲ್ಲವಾದ.

ನಮ್ಮ ಮೈಸೂರಿನಲ್ಲಿ ಇದಕ್ಕೂ ಹಳೆಯ ಉದಾಹರಣೆ ಇದೆ. ಗಂಜೀಫಾ ಎಲೆಯಾಟ ಕೇಳಿರುತ್ತೀರಿ. ಮೊಗಲರ ಕಾಲದ ಗಂಜೀಫಾದಲ್ಲಿ 8 ಬಣ್ಣ, ಒಂದೊಂದರಲ್ಲಿ 12 ಎಲೆ, ಒಟ್ಟು 96. ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿ 10 ಬಣ್ಣ ಮಾಡಿ 120 ಎಲೆಗೆ ಏರಿಸಿದರು. ಅಲ್ಲಿಗೆ ಒಂದು ವಿಸ್ತರಣೆ ಆಯಿತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದರೂ ಅರಮನೆಯಲ್ಲಿ ಚಿತ್ರ, ಗ್ರಂಥ, ಆಟಗಳ ಕೆಲಸ ನಿಲ್ಲಲಿಲ್ಲ. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗ 'ಕೌತುಕನಿಧಿ'ಯಲ್ಲಿ 'ಚದ್' ಎಂಬ ಎಲೆಯಾಟಗಳ ವಿವರವಿದೆ. ಬಣ್ಣಗಳು 18ರವರೆಗೆ ಏರಿದವು, ಒಂದು ಬಣ್ಣಕ್ಕೆ 12 ಅಂಕಿಯ ಎಲೆ, 6 ದರ್ಬಾರಿನ ಎಲೆ, ಕಟ್ಟು ದೊಡ್ಡದಾಗುತ್ತಾ 360 ಎಲೆಗಳವರೆಗೆ ಹೋಯಿತು. ನಾನು ಅದನ್ನು ಓದುವಾಗ ನಗು ತಡೆಯಲಾಗಲಿಲ್ಲ. ಇದು ನನ್ನ ಸ್ಟೀಮ್ ಖಾತೆಯ ಡಿಎಲ್‌ಸಿ ಪಟ್ಟಿಯೇ! ಆದರೆ 360 ಎಲೆಯ ಆಟ ಅರಮನೆಯ ಗೋಡೆ ದಾಟಿ ಜನರ ಜಗಲಿಗೆ ಬರಲೇ ಇಲ್ಲ. ಎಲೆ ಹಿಡಿಯಲು ಕೈ ಬೇಕು, ನಿಯಮ ನೆನಪಿಡಲು ತಲೆ ಬೇಕು, ಎಲ್ಲಕ್ಕಿಂತ ಮೊದಲು ಮಧ್ಯಾಹ್ನವಿಡೀ ಬಿಡುವಿರಬೇಕು. ಅರಮನೆಯಲ್ಲಿ ಆ ಬಿಡುವಿತ್ತು.

ಇದು ಯಾಕೆ ಹೇಳಿದೆ ಅಂದರೆ, ವಿಸ್ತರಣೆ ಕೊಳ್ಳುವಾಗ ನಾವು ಬೆಲೆ ನೋಡುತ್ತೇವೆ, ಬಿಡುವಿನ ಲೆಕ್ಕ ಹಾಕುವುದಿಲ್ಲ. ಬಿಡುಗಡೆಯಾದಾಗ ಮೂಲ ಆಟಕ್ಕೆ ಅಮೆರಿಕದಲ್ಲಿ ಸುಮಾರು 40 ಡಾಲರ್, ಯುಟೋಪಿಯಾಗೆ ಸುಮಾರು 20. ಅಂದರೆ ಎರಡು ದೊಡ್ಡ ವಿಸ್ತರಣೆ ಕೊಂಡರೆ ಇನ್ನೊಂದು ಆಟದ ದುಡ್ಡಾಯಿತು. ಈಗ ದೊಡ್ಡವು, ಚಿಕ್ಕವು ಸೇರಿ ಇಪ್ಪತ್ತಕ್ಕೂ ಹೆಚ್ಚು ಇವೆ. ಪೂರ್ತಿ ಬೆಲೆಗೆ ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಹೊರಟರೆ ಗೊಂಬೆ ಹಬ್ಬದ ಬಜೆಟ್ಟೇನು, ದೀಪಾವಳಿಯ ಬಜೆಟ್ಟೂ ಸಾಲದು. ನಮ್ಮತ್ತೆ ಒಮ್ಮೆ ಕೇಳಿದರು, "ಅಲ್ವೇ, ಒಂದ್ಸಲ ದುಡ್ಡು ಕೊಟ್ಟು ತಗೊಂಡಿದ್ದಲ್ವಾ ಆ ಆಟಾನ? ಮತ್ಯಾಕೆ ಕೊಡೋದು?"

ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಹೀಗಿದೆ. ಈ ಕಂಪನಿ ಒಂದು ವಿಸ್ತರಣೆ ತರುವ ದಿನವೇ ಸಾಮಾನ್ಯವಾಗಿ ಎಲ್ಲರಿಗೂ ಉಚಿತವಾಗಿ ಒಂದು ದೊಡ್ಡ ಅಪ್‌ಡೇಟ್ ಕೊಡುತ್ತದೆ. ಕೊಳ್ಳದವರ ಆಟವೂ ಬದಲಾಗುತ್ತದೆ. ಮೆಗಾಕಾರ್ಪ್ ಬಂದಾಗ ಗ್ರಹಗಳ ಆಡಳಿತದ ವ್ಯವಸ್ಥೆಯನ್ನೇ ಬೇರಿನಿಂದ ಬದಲಿಸಿದರು, ಚೌಕ ಚೌಕದ ಜಾಗಗಳು ಹೋಗಿ ಜಿಲ್ಲೆ, ಉದ್ಯೋಗ ಎಲ್ಲ ಬಂದವು. ಅದಕ್ಕೆ ಯಾರೂ ದುಡ್ಡು ಕೊಡಬೇಕಾಗಿರಲಿಲ್ಲ. ಕೊಂಡವರ ದುಡ್ಡಿನಲ್ಲಿ ಎಂಜಿನಿಯರುಗಳ ಸಂಬಳ ನಡೆಯುತ್ತದೆ, ಎಂಜಿನಿಯರುಗಳು ಕೊಳ್ಳದವರ ಆಟವನ್ನೂ ರಿಪೇರಿ ಮಾಡುತ್ತಾರೆ. ನಮ್ಮ ಆಫೀಸಿನ ಭಾಷೆಯಲ್ಲಿ ಇದು ಎಎಂಸಿ ಇದ್ದಂತೆ. ವ್ಯತ್ಯಾಸ ಏನೆಂದರೆ ಇಲ್ಲಿ ಕಟ್ಟಡದಲ್ಲಿ ಯಾರೋ ನಾಲ್ಕು ಮನೆಯವರು ಮೆಂಟೆನೆನ್ಸ್ ಕಟ್ಟಿದರೂ ಎಲ್ಲರಿಗೂ ಲಿಫ್ಟ್ ಓಡುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಪದ್ಧತಿ ತರಬಾರದೆಂದು ಕೋರುತ್ತೇನೆ!

ಹಾಗಾಗಿ ನನ್ನ ಮೊದಲ ಸಲಹೆ, ಹೊಸ ವಿಸ್ತರಣೆ ಬಂತೆಂದ ಕೂಡಲೇ ಕೊಳ್ಳಬೇಡಿ. ಉಚಿತ ಅಪ್‌ಡೇಟ್ ಹಾಕಿಕೊಂಡು ಒಂದು ತಿಂಗಳು ಆಡಿ. ಎಷ್ಟೋ ಸಲ ಬೇಕಾದದ್ದು ಅದರಲ್ಲೇ ಬಂದಿರುತ್ತದೆ.

ಈ ಅಪ್‌ಡೇಟುಗಳಿಗೆ ಕಂಪನಿ 2021ರವರೆಗೆ ವೈಜ್ಞಾನಿಕ ಕಥೆಗಾರರ ಹೆಸರಿಡುತ್ತಿತ್ತು. ಮೊದಲ ವರ್ಷಗಳಲ್ಲಿ ಕ್ಲಾರ್ಕ್, ಅಸಿಮೋವ್, ಹೈನ್‌ಲೈನ್, ಎಲ್ಲ ಗಂಡಸರು. 2018ರ ಫೆಬ್ರವರಿಯಲ್ಲಿ ಬಂದ ಅಪ್‌ಡೇಟ್ ಹೆಸರು 'ಚೆರ್ರಿ'. ಯಾರೀ ಚೆರ್ರಿ ಎಂದು ಹುಡುಕಿದೆ. ಸಿ. ಜೆ. ಚೆರ್ರಿ, ಅಮೆರಿಕದ ಲೇಖಕಿ, ಪೂರ್ತಿ ಹೆಸರು ಕ್ಯಾರೋಲಿನ್ ಜಾನಿಸ್. ಹೆಂಗಸು ಎಂದು ಗೊತ್ತಾಗದಿರಲಿ ಎಂದು ಹೆಸರು ಮೊಟಕಾಗಿ ಬರೀ ಎರಡು ಇನಿಷಿಯಲ್ ಆಯಿತು. ಉಪನಾಮ ಪ್ರೇಮಕಥೆ ಬರೆಯುವವರ ಹೆಸರಿನಂತಿದೆ ಎಂದು ಪ್ರಕಾಶಕರು ಅದರ ಕೊನೆಗೆ ಉಚ್ಚರಿಸದ ಒಂದು ಅಕ್ಷರ ಅಂಟಿಸಿದರು. ಅದೇ ವರ್ಷ ಜನವರಿಯಲ್ಲಿ ಉರ್ಸುಲಾ ಲೆ ಗ್ವಿನ್ ತೀರಿಕೊಂಡರು, ಡಿಸೆಂಬರಿನ ಅಪ್‌ಡೇಟಿಗೆ ಅವರ ಹೆಸರು. 2019ರಲ್ಲಿ ಶೆಲ್ಲಿ. 'ಫ್ರಾಂಕೆನ್‌ಸ್ಟೈನ್' ಬರೆದ ಮೇರಿ ಶೆಲ್ಲಿ, 1818ರಲ್ಲಿ ಆ ಪುಸ್ತಕ ಮೊದಲು ಬಂದಾಗ ಅವರ ಹೆಸರೇ ಅದರ ಮೇಲಿರಲಿಲ್ಲ. 2020ರಲ್ಲಿ ಬಟ್ಲರ್, ಅಂದರೆ ಆಕ್ಟೇವಿಯಾ ಬಟ್ಲರ್, ಕಪ್ಪು ಜನಾಂಗದ ಅಮೆರಿಕನ್ ಲೇಖಕಿ. ಒಂದು ಆಟದ ಅಪ್‌ಡೇಟ್ ಪಟ್ಟಿಯಿಂದ ನನಗೆ ನಾಲ್ಕು ಲೇಖಕಿಯರು ಸಿಕ್ಕರು. ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಓದಿದ್ದು ಹೀಗೆ. ಇದಕ್ಕೆ ನಾನು ಒಂದು ಪೈಸೆಯನ್ನೂ ಕೊಡಲಿಲ್ಲ, ಪುಸ್ತಕಕ್ಕೆ ಕೊಟ್ಟೆ ಅಷ್ಟೆ.

ಆ ಚೆರ್ರಿ ಅಪ್‌ಡೇಟಿಗೆ ಇನ್ನೊಂದು ಮುಖವಿದೆ. ಅದಕ್ಕೆ ಮೊದಲು ಆಟದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ದಾರಿಗಳಿದ್ದವು, ನಿಮಗೆ ಬೇಕಾದದ್ದನ್ನು ಆರಿಸಿಕೊಂಡು ಶುರುಮಾಡಬಹುದಿತ್ತು. ಅಪ್‌ಡೇಟ್ ಬಂದ ಮೇಲೆ ಎಲ್ಲರೂ ಒಂದೇ ದಾರಿಯಲ್ಲಿ ಶುರುಮಾಡಬೇಕಾಯಿತು. ಆಟದ ದೃಷ್ಟಿಯಿಂದ ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ, ಗಡಿ ಕಾಯುವುದಕ್ಕೆ ಅರ್ಥ ಬಂತು. ಆದರೆ ಎಷ್ಟೋ ಜನ ಸಿಟ್ಟಾದರು, "ನಾನು ಕೊಂಡ ಆಟ ಇದಲ್ಲ" ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಕೊಸಪೇಟೆಯಿಂದ ತಂದ ಗೊಂಬೆಯ ಸೀರೆಯ ಬಣ್ಣವನ್ನು ರಾತ್ರೋರಾತ್ರಿ ಬದಲಿಸಲು ಗೊಂಬೆ ಮಾಡಿದವನಿಂದ ಆಗದು. ಹಳೆಯ ಆವೃತ್ತಿಯೇ ಬೇಕೆನ್ನುವವರು ಸ್ಟೀಮ್‌ನಲ್ಲಿ ಅದನ್ನು ಆರಿಸಿಕೊಂಡು ಹಿಂದಕ್ಕೆ ಹೋಗಬಹುದು, ಆ ಸೌಲಭ್ಯ ಇಟ್ಟಿದ್ದಾರೆ. ಇನ್ನೊಂದು ಸಲ, 2017ರ ಮೇನಲ್ಲಿ, ಹಲವು ದೇಶಗಳಲ್ಲಿ ಬೆಲೆ ಏರಿಸಿದಾಗ ಆಟಗಾರರು ಸಾಲುಸಾಲಾಗಿ ಸಿಟ್ಟಿನ ವಿಮರ್ಶೆ ಬರೆದರು, ಕಂಪನಿ ಏರಿಕೆಯನ್ನು ವಾಪಸು ತೆಗೆದುಕೊಂಡಿತು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಬಿಡುವಿನ ಲೆಕ್ಕಕ್ಕೆ ಬರುತ್ತೇನೆ, ನನಗೆ ಮುಖ್ಯವಾದದ್ದು ಇದೇ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಇದೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 315 ನಿಮಿಷ ಕೊಡುತ್ತಿದ್ದರು, 2024ರಲ್ಲಿ 305. ಐದು ವರ್ಷದಲ್ಲಿ ಹತ್ತು ನಿಮಿಷ ಉಳಿಯಿತು. ಗಂಡಸರದು ಅದಕ್ಕಿಂತ ಎಷ್ಟೋ ಕಡಿಮೆ. ನಮ್ಮ ಮನೆಯಲ್ಲಿ ನನ್ನ ಗಂಡ ಅಡುಗೆ ಮಾಡುತ್ತಾರೆ, ಅತ್ತೆ ಮಗಳ ಓದು ನೋಡಿಕೊಳ್ಳುತ್ತಾರೆ, ಆದರೂ ನನ್ನದೆಂದು ಗಟ್ಟಿಯಾಗಿ ಹೇಳಬಹುದಾದ ಹೊತ್ತು ಶನಿವಾರ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ. ಸ್ಟೆಲ್ಲಾರಿಸ್‌ನ ಒಂದು ಆಟ 2200ರಿಂದ 2500ನೇ ವರ್ಷದವರೆಗೆ ನಡೆಯುತ್ತದೆ. ವಾರಕ್ಕೆ ಎರಡು ಗಂಟೆಯಂತೆ ನಮಗೆ ಅದು ಮುಗಿಯುವಾಗ ನಾಲ್ಕೈದು ತಿಂಗಳು ಕಳೆದಿರುತ್ತವೆ. ವರ್ಷಕ್ಕೆ ಎರಡು ಆಟ, ಹೆಚ್ಚೆಂದರೆ ಮೂರು. ಕಂಪನಿಯೂ ವರ್ಷಕ್ಕೆ ಎರಡೋ ಮೂರೋ ವಿಸ್ತರಣೆ ತರುತ್ತದೆ. ಎಲ್ಲ ಕೊಂಡರೆ ಒಂದೊಂದನ್ನು ಒಂದೊಂದು ಸಲ ಮುಟ್ಟಿ ನೋಡಿದಂತಾಗುತ್ತದೆ ಅಷ್ಟೆ. ನನಗೆ ಕೊರತೆ ಇರುವುದು ಶನಿವಾರಗಳದು, ಅದನ್ನು ಯಾವ ಸೇಲ್‌ನಲ್ಲೂ ಮಾರುವುದಿಲ್ಲ.

ಆದ್ದರಿಂದ ನಾನು ಇಟ್ಟುಕೊಂಡ ನಿಯಮ: ಒಂದು ಆಟ ಕೊನೆಯವರೆಗೆ ಆಡಿ ಮುಗಿಸಿದರೆ ಒಂದು ವಿಸ್ತರಣೆ. ಅದೂ ಸೇಲ್ ಬಂದಾಗ. ಹಳೆಯ ವಿಸ್ತರಣೆಗಳು ಸ್ಟೀಮ್‌ನ ಬೇಸಿಗೆ, ಚಳಿಗಾಲದ ಸೇಲ್‌ಗಳಲ್ಲಿ ಅರ್ಧ ಬೆಲೆಗೂ ಸಿಗುತ್ತವೆ. ತಿಂಗಳ ಚಂದಾ ಕಟ್ಟಿ ಎಲ್ಲ ವಿಸ್ತರಣೆಗಳನ್ನೂ ಆಡುವ ದಾರಿಯೂ ಇದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಕೂತು ಆಡುವ ಕಾಲೇಜು ಮಕ್ಕಳಿಗೆ ಅದು ಲಾಭ. ನನ್ನಂಥ ಶನಿವಾರದವರಿಗೆ ನಷ್ಟ, ಆಡದ ಆರು ದಿನಕ್ಕೂ ಬಾಡಿಗೆ ಕಟ್ಟಿದಂತೆ.

ಕೊಳ್ಳುವ ಕ್ರಮದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಕಾಣುತ್ತದೆ. ಕಾರ್ಡು ಒಪ್ಪದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯೇ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಆಫ್ ಮಾಡಿಬಿಡಿ. ಕೊಂಡ ಮೇಲೆ ಇಷ್ಟವಾಗದಿದ್ದರೆ 14 ದಿನದೊಳಗೆ, ಕೊಂಡ ನಂತರ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸು ಕೇಳಬಹುದು. ಮಕ್ಕಳ ಖಾತೆಯನ್ನು ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಸೇರಿಸಿದರೆ, ಅವರು ಏನನ್ನಾದರೂ ಕೊಳ್ಳಬೇಕೆಂದಾಗ ಕೋರಿಕೆ ನಿಮ್ಮ ಹತ್ತಿರ ಬರುತ್ತದೆ. ಒಂದು ಕುಟುಂಬದಲ್ಲಿ ಆರು ಜನರವರೆಗೆ ಸೇರಬಹುದು.

ಮಕ್ಕಳ ಮಾತು ಬಂತು, ಒಂದು ವ್ಯತ್ಯಾಸ ಹೇಳಲೇಬೇಕು. ತಮಿಳುನಾಡಿನಲ್ಲಿ 'ಆನ್‌ಲೈನ್ ಗೇಮ್' ಎಂದ ಕೂಡಲೇ ಜನರಿಗೆ ರಮ್ಮಿ ನೆನಪಾಗುತ್ತದೆ, ಸಾಲ ಮಾಡಿ ಪ್ರಾಣ ಕಳೆದುಕೊಂಡವರು ನೆನಪಾಗುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಇಲ್ಲಿ ರಾಜ್ಯ ಸರ್ಕಾರದ ಕಾನೂನು ಬಂತು, 2025ರಲ್ಲಿ ಕೇಂದ್ರವೂ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಅದರಲ್ಲಿ ನೀವು ಹಣ ಕಟ್ಟುವುದು ಹಣ ಬರಲಿ ಎಂದು. ಎರಡನೆಯದು ಲೂಟ್ ಬಾಕ್ಸ್, ದುಡ್ಡು ಕೊಟ್ಟು ಮುಚ್ಚಿದ ಡಬ್ಬಿ ಕೊಳ್ಳುವುದು, ಒಳಗೇನಿದೆ ಎಂದು ತೆರೆದ ಮೇಲೆಯೇ ಗೊತ್ತಾಗುವುದು. 2018ರಲ್ಲಿ ಬೆಲ್ಜಿಯಂ ದೇಶ ಕೆಲವು ಆಟಗಳ ಇಂಥ ಡಬ್ಬಿಗಳನ್ನು ಜೂಜು ಎಂದೇ ತೀರ್ಮಾನಿಸಿತು. ಮೂರನೆಯದು ನಾನು ಹೇಳುತ್ತಿರುವ ವಿಸ್ತರಣೆ. ಏನು ಸಿಗುತ್ತದೆ ಎಂದು ಮೊದಲೇ ಬರೆದಿರುತ್ತದೆ, ಬೆಲೆ ಒಂದೇ ಸಲ, ಗೆದ್ದರೂ ಸೋತರೂ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಮಗ ಬಂದು "ಅಮ್ಮ, ಗೇಮಿಗೆ ದುಡ್ಡು ಬೇಕು" ಎಂದರೆ ಬೈಯುವ ಮೊದಲು ಮೂರರಲ್ಲಿ ಯಾವುದು ಎಂದು ಕೇಳಿ. ಮೊದಲನೆಯದಕ್ಕೆ ಖಂಡಿತ ಇಲ್ಲ. ಎರಡನೆಯದಕ್ಕೂ ಇಲ್ಲವೆಂದೇ ನನ್ನ ಮತ. ಮೂರನೆಯದಾದರೆ ಕೂತು ಮಾತಾಡಿ. ಹಿಂದಿನದನ್ನು ಆಡಿ ಮುಗಿಸಿದ್ದಾನೆಯೇ ಕೇಳಿ.

ಕೊಂಡದ್ದು ಯಾರದ್ದು ಎನ್ನುವ ಮಾತು ಉಳಿದಿದೆ. ನಮ್ಮ ಮನೆಯ ಪಟ್ಟದ ಗೊಂಬೆಗಳು ನನ್ನ ಅಜ್ಜಿಯವು. ಅಜ್ಜಿಯಿಂದ ಅಮ್ಮನಿಗೆ, ನನ್ನ ಮದುವೆಯಲ್ಲಿ ಅಮ್ಮನಿಂದ ನನಗೆ. ರಾಣಿಯ ಮೂಗು ಸ್ವಲ್ಪ ಸವೆದಿದೆ, ರಾಜನ ಪೇಟ ಎರಡು ಸಲ ಬದಲಾಗಿದೆ. ಮುಂದೆ ಮಗಳಿಗೆ ಹೋಗುತ್ತವೆ. ಅದಕ್ಕೆ ಯಾವ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ. ಕಳೆದ ದಸರೆಯಲ್ಲಿ ಗೊಂಬೆ ಒರೆಸಿಡುವಾಗ ಮಗಳು ಕೇಳಿದಳು, "ಅಮ್ಮ, ನಿನ್ನ ಗೆಲಾಕ್ಸಿನೂ ನಂಗೇ ಕೊಡ್ತೀಯಾ?"

ಕೊಡಲಾಗದು. ಸ್ಟೀಮ್‌ನ ಒಪ್ಪಂದದ ಪ್ರಕಾರ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ನಾವು ಕೊಂಡದ್ದು ಆಟವಲ್ಲ, ಆಡುವ ಪರವಾನಗಿ. ಹಿಂದೆ ಇದನ್ನು ಯಾರೂ ಓದದ ಸಣ್ಣ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನು, ಪರವಾನಗಿ ಮಾರುವವರು ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಹಾಗಾಗಿ ಈಗ ದುಡ್ಡು ಕಟ್ಟುವ ಪುಟದಲ್ಲೇ ಆ ಮಾತು ಕಾಣುತ್ತದೆ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಎಂಬ ಆಟದ ಸರ್ವರುಗಳನ್ನು ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಆಟ ಆಡಲಾಗದೆ ಹೋಯಿತು. ಸ್ಟೆಲ್ಲಾರಿಸ್ ಒಬ್ಬರೇ ಆಡುವಾಗ ಹಾಗೆ ಸರ್ವರನ್ನು ನಂಬಿಕೊಂಡಿಲ್ಲ, ಆದರೂ ವರ್ಗಾವಣೆಯ ಮಾತು ಬೇರೆಯೇ. ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡರೆ ಆಟದ ಕಡತಗಳನ್ನು ಇಳಿಸಿಕೊಂಡು ನಮ್ಮ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಸ್ಟೆಲ್ಲಾರಿಸ್ ಅಲ್ಲಿಯೂ ಸಿಗುತ್ತದೆ. ಹೊಸದಾಗಿ ಶುರುಮಾಡುವವರು ಅದನ್ನು ಯೋಚಿಸಿ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. "ಇದು ಸಿನಿಮಾ ಟಿಕೆಟ್ ಇದ್ದ ಹಾಗೆ ಪುಟ್ಟ, ನೋಡೋದಷ್ಟೇ ನಮ್ದು" ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಈಗ್ಲೇ ನಂಗೂ ತೋರ್ಸು" ಎಂದಳು. ಈಗ ಶನಿವಾರ ಮೊದಲ ಅರ್ಧ ಗಂಟೆ ಅವಳು ನನ್ನ ಪಕ್ಕ ಕೂತು ಗ್ರಹಗಳಿಗೆ ಹೆಸರಿಡುತ್ತಾಳೆ. ನಮ್ಮ ಸಾಮ್ರಾಜ್ಯದ ಎರಡನೆಯ ಗ್ರಹದ ಹೆಸರು ಮೈಸೂರು ಪಾಕ್.

ಹೀಗೆ ಪರವಾನಗಿಯ ವಿಷಯದಲ್ಲಿ ಜಿಪುಣತನ ಕಂಡರೂ, ಇನ್ನೊಂದು ವಿಷಯದಲ್ಲಿ ಈ ಕಂಪನಿ ಧಾರಾಳಿ. ನಾಲ್ಕು ಜನ ಸೇರಿ ಆಡುವಾಗ, ಆಟ ನಡೆಸುವವರ ಬಳಿ ವಿಸ್ತರಣೆ ಇದ್ದರೆ ಸಾಕು, ಸೇರಿದವರೆಲ್ಲರೂ ಆ ಹೊತ್ತಿಗೆ ಅದನ್ನು ಬಹುಮಟ್ಟಿಗೆ ಬಳಸಬಹುದು. ಅವರ ಬಳಿ ಮೂಲ ಆಟವೊಂದಿದ್ದರಾಯಿತು. ಒಬ್ಬರ ಮನೆಯಲ್ಲಿ ಟಿವಿ ಇದ್ದು ಬೀದಿಯವರೆಲ್ಲ ರಾಮಾಯಣ ನೋಡುತ್ತಿದ್ದರು ಎಂದು ನಮ್ಮ ಅಮ್ಮ ಹೇಳುವುದಿಲ್ಲವೇ, ಹಾಗೆ. 2020ರ ಮಾರ್ಚ್ 17ಕ್ಕೆ 'ಫೆಡರೇಷನ್ಸ್' ವಿಸ್ತರಣೆ ಬಂತು, 25ಕ್ಕೆ ದೇಶಕ್ಕೆ ಲಾಕ್‌ಡೌನ್. ಎಂಟೆಕ್ ಗೆಳತಿಯರು ನಾವು ನಾಲ್ಕು ಜನ, ನಾಲ್ಕು ಊರಿನಲ್ಲಿ ಸಿಕ್ಕಿಬಿದ್ದವರು, ಆಗ ಒಟ್ಟಿಗೆ ಆಡಲು ಶುರುಮಾಡಿದೆವು. ನಾಲ್ವರೂ ಸೇರಿ ದುಡ್ಡು ಹಾಕಿ ಒಂದೇ ಪ್ರತಿ ಕೊಂಡೆವು, ನನ್ನ ಖಾತೆಯಲ್ಲಿ. ಆಡುತ್ತಾ ಆಡುತ್ತಾ ಒಬ್ಬಳು ಕೆಲಸ ಹೋದ ಸುದ್ದಿ ಹೇಳಿದಳು, ಇನ್ನೊಬ್ಬಳು ಅಪ್ಪನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ್ದನ್ನು ಹೇಳಿದಳು. ಪರದೆಯ ಮೇಲೆ ಹಡಗುಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. ಫೋನ್ ಮಾಡಿ "ಹೇಗಿದ್ದೀಯ" ಎಂದು ಕೇಳಿದರೆ "ಚೆನ್ನಾಗಿದ್ದೀನಿ" ಎಂದುಬಿಡುವವರು, ಕೈಗೆ ಬೇರೊಂದು ಕೆಲಸವಿದ್ದಾಗ ನಿಜ ಹೇಳುತ್ತಾರೆ. ಹಿಂದೆ ಅಕ್ಕಿ ಆರಿಸುವಾಗ, ಹಪ್ಪಳ ಒತ್ತುವಾಗ ಹೇಳಿಕೊಳ್ಳುತ್ತಿದ್ದ ಹಾಗೆ. ಆ ವಿಸ್ತರಣೆಗೆ ನಾವು ಕೊಟ್ಟ ದುಡ್ಡನ್ನು ನಾನು ಯಾವತ್ತೂ ಲೆಕ್ಕ ಹಾಕಿಲ್ಲ.

ನನ್ನ ಹತ್ತಿರ ಈಗ ಏಳು ವಿಸ್ತರಣೆಗಳಿವೆ. ಆ ನಾಲ್ವರಲ್ಲಿ ಇಬ್ಬರು ಈಗ ವಿದೇಶದಲ್ಲಿದ್ದು ಹೊತ್ತು ಹೊಂದುತ್ತಿಲ್ಲ, ಎರಡು ಜಾಗ ಖಾಲಿಯಿದೆ. ಸಾಧಾರಣ ಲ್ಯಾಪ್‌ಟಾಪು, ಸೇಲ್‌ನಲ್ಲಿ ಕೊಂಡ ಮೂಲ ಆಟ, ಕಿವಿಗೊಂದು ಹೆಡ್‌ಸೆಟ್ಟು ಇದ್ದರೆ ಸಾಕು, ಮಿಕ್ಕಿದ್ದು ನನ್ನ ಖಾತೆಯಿಂದ ನಡೆಯುತ್ತದೆ. ಮೊದಲ ಎರಡು ವಾರ ನಾನೇ ಹೇಳಿಕೊಡುತ್ತೇನೆ. ವಯಸ್ಸಿನ ಮಿತಿ ಇಲ್ಲ. ಕನ್ನಡದಲ್ಲಿ ಮಾತಾಡಬೇಕು, ಅದೊಂದೇ ಷರತ್ತು. ಆಸೆ ಇರುವವರು ಕಾಫಿ ಹೊತ್ತಿಗೆ ಬಂದು ಹೆಸರು ಕೊಡಿ.